ಪ್ರೊಟೆಸ್ಟೆಂಟ್ ಆಗಿದ್ದವರು ಕ್ಯಾಥೊಲಿಕ್ ಆಗಲು ಯಾಕೆ ಹೊರಡುತ್ತಾರೆ?

ನಿಮ್ಮ ಅಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟೆಂಟ್) ಸಭೆಯಲ್ಲೇ ಹುಟ್ಟಿ ಬೆಳೆದವರು, ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದವರು, ಈಗ ಇದ್ದಕ್ಕಿದ್ದಂತೆ ಕ್ಯಾಥೊಲಿಕ್ ಆಗುತ್ತೇನೆ ಅನ್ನುತ್ತಿದ್ದಾರೆ. ಯಾರೋ ಅವರ ತಲೆ ಕೆಡಿಸಿದ್ದಾರಾ ಅಂತ ಕೇಳಿದ್ದೀರಿ. ನಾನೂ ಸಿಎಸ್‌ಐ ಮನೆಯ ಹುಡುಗಿ, ಕೆಲವು ವರ್ಷಗಳ ಹಿಂದೆ ಇದೇ ಕೆಲಸ ಮಾಡಿದವಳು. ಹಾಗಾಗಿ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಎಲ್ಲರಿಗೂ ಬರುವ ಅನುಮಾನ: ಹುಡುಗಿ ವಿಷಯ ಇರಬೇಕು ಅಂತ. ಮದುವೆಗೋಸ್ಕರ ಆಗುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಕಥೆ ಬೇರೆ. ನಾನು ಹೋದಾಗ ಮದುವೆಯಾಗಿ ಮಕ್ಕಳೂ ಶಾಲೆಗೆ ಹೋಗುತ್ತಿದ್ದರು, ನನ್ನ ಗಂಡ ಇವತ್ತಿಗೂ ಸಿಎಸ್‌ಐ ಸಭೆಯಲ್ಲೇ ಇದ್ದಾರೆ, ಸಭೆಯ ಆಡಳಿತ ನೋಡುವ ಪಾಸ್ಟೊರೇಟ್ ಕಮಿಟಿಯಲ್ಲೂ ಇದ್ದಾರೆ. "ಇನ್ನುಮೇಲೆ ಮೂರ್ತಿ ಮುಂದೆ ಮೊಣಕಾಲೂರುತ್ತೀಯೇನಮ್ಮಾ?" ಅಂತ ನಮ್ಮತ್ತೆ ಕೇಳಿದ್ದು ನೆನಪಿದೆ. ಪಾಪ, ಅವರ ಭಯ ಅವರಿಗೆ.

ನನ್ನನ್ನು ಎಳೆದದ್ದು ಮೂರ್ತಿಯೂ ಅಲ್ಲ, ಪೋಪ್ ಕೂಡ ಅಲ್ಲ. ಪರಮಪ್ರಸಾದ, ಅಂದರೆ ನಾವು ಕರ್ತನ ಭೋಜನ ಅನ್ನುವುದಕ್ಕೆ ಕ್ಯಾಥೊಲಿಕರು ಹೇಳುವ ಹೆಸರು. ನಾನು ಬೆಳೆದ ಸಭೆಯಲ್ಲಿ ತಿಂಗಳಿಗೊಮ್ಮೆ ಕರ್ತನ ಭೋಜನ ಇರುತ್ತಿತ್ತು. ಕೆಮ್ಮಿನ ಔಷಧಿಯ ಮುಚ್ಚಳದಷ್ಟು ಪುಟ್ಟ ಗ್ಲಾಸಿನಲ್ಲಿ ದ್ರಾಕ್ಷಾರಸ, ಒಂದು ಚೂರು ರೊಟ್ಟಿ. ಭಕ್ತಿಯಿಂದಲೇ ತೆಗೆದುಕೊಳ್ಳುತ್ತಿದ್ದೆವು. ಆರಾಧನೆ ಮುಗಿದ ಮೇಲೆ ಉಳಿದ ರೊಟ್ಟಿಯನ್ನು ಹಿಂದಿನ ಕೋಣೆಯಲ್ಲಿ ನಾವು ಮಕ್ಕಳು ತಿಂದು ಮುಗಿಸುತ್ತಿದ್ದೆವು, ಗ್ಲಾಸುಗಳನ್ನು ನಲ್ಲಿ ಕೆಳಗೆ ತೊಳೆದು ಇಡುತ್ತಿದ್ದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ನಮ್ಮ ಮಟ್ಟಿಗೆ ಅದು ಕರ್ತನನ್ನು ನೆನೆಯುವ ಊಟ. ಆಮೇಲೆ ಸಹೋದ್ಯೋಗಿಯೊಬ್ಬರ ಮಗುವಿನ ಕಾರ್ಯಕ್ರಮಕ್ಕೆ ಅಂತ ಕ್ಯಾಥೊಲಿಕರ ಒಂದು ಬಲಿಪೂಜೆಗೆ (ಮಾಸ್‌ಗೆ) ಹೋಗಿದ್ದೆ. ಪ್ರಸಾದ ಹಂಚಿ ಆದ ಮೇಲೆ ಫಾದರ್ ಆ ತಟ್ಟೆಯನ್ನು ಬಟ್ಟಲಿನ ಮೇಲೆ ಹಿಡಿದು, ಬೆರಳಿನಿಂದ ಒರೆಸಿ ಒರೆಸಿ, ಕಣ್ಣಿಗೆ ಕಾಣದ ಪುಡಿಯನ್ನೂ ಬಟ್ಟಲಿಗೆ ಬೀಳಿಸಿ, ಅದಕ್ಕೆ ನೀರು ಹಾಕಿ, ಆ ನೀರನ್ನು ಕುಡಿದು, ಆಮೇಲೆ ಬಟ್ಟೆಯಿಂದ ಒರೆಸಿದರು. ಆ ಹೊತ್ತಿನಲ್ಲಿ ಜನ ಆಕಡೆ ನೋಡುತ್ತಲೂ ಇರಲಿಲ್ಲ. ಆ ರೊಟ್ಟಿ ನಿಜವಾಗಿಯೂ ಯೇಸುವಿನ ದೇಹ ಆಗುತ್ತದೆ ಅಂತ ಇವರು ಹೇಳುವುದನ್ನು ನಿಜಕ್ಕೂ ನಂಬುತ್ತಾರೆ ಅಂತ ನನಗೆ ಆಗ ಅನ್ನಿಸಿತು. ಉಳಿದ ಪ್ರಸಾದವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಪಕ್ಕದಲ್ಲಿ ದೀಪ ಉರಿಸುವುದೂ ಅದಕ್ಕೇ.

ಸರಿ, ಅವರು ನಂಬಿದ ಮಾತ್ರಕ್ಕೆ ಅದು ನಿಜ ಆಗಬೇಕಿಲ್ಲವಲ್ಲ. ಹಾಗಾಗಿ ಓದಲು ಶುರು ಮಾಡಿದೆ. ಮಧ್ಯಯುಗದಲ್ಲಿ ಯಾರೋ ಸೇರಿಸಿದ ಕಟ್ಟುಕಥೆ ಇರಬೇಕು ಅಂತ ನನ್ನ ಲೆಕ್ಕ. ಆದರೆ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಅಂತ ಒಬ್ಬರಿದ್ದರು, ಎರಡನೇ ಶತಮಾನದ ಮೊದಲ ದಶಕಗಳಲ್ಲಿ ನಂಬಿಕೆಗಾಗಿ ಮರಣದಂಡನೆಗೆ ಒಳಗಾಗಿ ರೋಮಿಗೆ ಹೋಗುತ್ತಾ ದಾರಿಯಲ್ಲಿ ಸಭೆಗಳಿಗೆ ಪತ್ರ ಬರೆದವರು. ಸ್ಮುರ್ನದವರಿಗೆ ಬರೆದ ಪತ್ರದಲ್ಲಿ ಅವರು ಕೆಲವರ ಬಗ್ಗೆ ದೂರುತ್ತಾರೆ: ಇದು ನಮ್ಮ ರಕ್ಷಕ ಯೇಸುವಿನ ಮಾಂಸ ಅಂತ ಒಪ್ಪದೆ ಪ್ರಸಾದದಿಂದ ದೂರ ಇದ್ದಾರೆ ಅಂತ. ಅಪೊಸ್ತಲರು ಹೋಗಿ ಇನ್ನೂ ಜಾಸ್ತಿ ಕಾಲ ಆಗಿರಲಿಲ್ಲ. ಮತ್ತೆ ಯೋಹಾನ 6 ತೆಗೆದು ಓದಿದೆ. ನನ್ನ ಮಾಂಸ ತಿನ್ನಬೇಕು ಅಂತ ಯೇಸು ಹೇಳಿದಾಗ ತುಂಬಾ ಶಿಷ್ಯರು ಇದು ಕಠಿಣವಾದ ಮಾತು ಅಂತ ಬಿಟ್ಟು ಹೋಗುತ್ತಾರೆ. ಅವರನ್ನು ತಡೆದು, ಸುಮ್ನೆ ಉಪಮೆ ಹೇಳಿದೆ ಕಣ್ರೋ, ಅಂತ ಯೇಸು ಹೇಳುವುದಿಲ್ಲ. ಈ ಅಧ್ಯಾಯವನ್ನು ಚಿಕ್ಕಂದಿನಿಂದ ಓದಿದ್ದೇನೆ, ಆದರೆ ಅಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಇದಕ್ಕೆ ಪ್ರೊಟೆಸ್ಟೆಂಟ್ ಕಡೆಯಿಂದ ಒಳ್ಳೆಯ ಉತ್ತರಗಳಿವೆ, 63ನೇ ವಚನದ "ಆತ್ಮವೇ ಬದುಕಿಸುವುದು" ಅನ್ನುವುದನ್ನು ಹಿಡಿದು ವಾದ ಮಾಡುತ್ತಾರೆ. ನನಗೆ ಸಾಲಲಿಲ್ಲ.

ಇಲ್ಲಿಂದ ಎರಡನೇ ಪ್ರಶ್ನೆ ಬರುತ್ತದೆ, ನಿಮ್ಮ ಅಣ್ಣನೂ ಬಹುಶಃ ಇಲ್ಲೇ ಸಿಕ್ಕಿಕೊಂಡಿರುತ್ತಾರೆ. ಬೈಬಲ್ ಒಂದೇ, ಆದರೆ ಇಬ್ಬರು ಪ್ರಾಮಾಣಿಕವಾಗಿ ಓದಿ ಬೇರೆ ಬೇರೆ ಅರ್ಥಕ್ಕೆ ಬಂದರೆ ಕೊನೆಯ ಮಾತು ಯಾರದ್ದು? ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ತಕರಾರು ಎತ್ತಿದ್ದು 1517ರಲ್ಲಿ. 1529ಕ್ಕೆ, ಬರೀ 12 ವರ್ಷಕ್ಕೆ, ಮಾರ್‌ಬರ್ಗ್‌ನಲ್ಲಿ ಅವರೂ ಸ್ವಿಟ್ಜರ್ಲೆಂಡಿನ ಸುಧಾರಕ ಜ್ವಿಂಗ್ಲಿಯೂ ಎದುರುಬದುರು ಕೂತರು. ಬಾಕಿ ಎಲ್ಲದರಲ್ಲೂ ಹೆಚ್ಚುಕಡಿಮೆ ಒಪ್ಪಿಗೆ ಆಯಿತು, ಇದೇ ಕರ್ತನ ಭೋಜನದಲ್ಲಿ ಯೇಸುವಿನ ದೇಹ ನಿಜಕ್ಕೂ ಇದೆಯಾ ಅನ್ನುವ ವಿಷಯದಲ್ಲಿ ಮಾತ್ರ ಆಗಲಿಲ್ಲ. ಲೂಥರ್ "ಇದು ನನ್ನ ದೇಹ" ಅಂತ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡು ಅಲ್ಲಾಡಲೇ ಇಲ್ಲ! ಇಬ್ಬರೂ ದೊಡ್ಡ ಪಂಡಿತರು, ಇಬ್ಬರೂ ಬೈಬಲ್ ಒಂದೇ ಸಾಕು ಅಂದವರು.

ಆ ಬೈಬಲ್ಲಿನ ಪಟ್ಟಿಯ ಕಥೆಯೂ ಹೀಗೇ. ಪ್ರೊಟೆಸ್ಟೆಂಟರದ್ದರಲ್ಲಿ 66 ಪುಸ್ತಕ, ಕ್ಯಾಥೊಲಿಕರದ್ದರಲ್ಲಿ 73. ತೋಬಿತ, ಯೂದಿತ, ಮಕ್ಕಬಿಯರು ಅಂತೆಲ್ಲ ಏಳು ಜಾಸ್ತಿ. ಯಾವುದು ಒಳಗೆ, ಯಾವುದು ಹೊರಗೆ ಅಂತ ಬೈಬಲ್ಲಿನ ಒಳಗೆ ಎಲ್ಲೂ ಬರೆದಿಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಇವತ್ತು ನಾವು ಎಣಿಸುವ ಹಾಗೆ ಎಣಿಸಿದ್ದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್, 367ರಲ್ಲಿ ಬರೆದ ಪತ್ರದಲ್ಲಿ. ಆಮೇಲೆ 397ರಲ್ಲಿ ಕಾರ್ಥೇಜ್‌ನಲ್ಲಿ ಬಿಷಪ್‌ಗಳ ಸಭೆ ಪಟ್ಟಿ ಹೇಳಿತು. ಅಂದರೆ ಆ ಸಭೆಯ ತೀರ್ಮಾನವನ್ನು ನಂಬಿಯೇ ನಾನು 27 ಪುಸ್ತಕ ಒಪ್ಪಿಕೊಂಡಿದ್ದೆ, ಅದೇ ಸಭೆ ಬೇರೆ ಏನಾದರೂ ಹೇಳಿದರೆ ಮಾತ್ರ ಮನುಷ್ಯರ ಸಂಪ್ರದಾಯ ಅಂತ ತಳ್ಳುತ್ತಿದ್ದೆ. ನ್ಯಾಯಕ್ಕೆ ಇನ್ನೊಂದು ಮಾತೂ ಹೇಳಬೇಕು: ಅಥನೇಸಿಯಸ್ ಹಳೆಯ ಒಡಂಬಡಿಕೆಗೆ ಕೊಟ್ಟ ಪಟ್ಟಿ ಕ್ಯಾಥೊಲಿಕ್ ಪಟ್ಟಿಗೆ ಹೊಂದುವುದಿಲ್ಲ, ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್‌ಗೂ ಆ ಪುಸ್ತಕಗಳ ಮೇಲೆ ಅನುಮಾನ ಇತ್ತು. ಕ್ಯಾಥೊಲಿಕ್ ಸಭೆ ಇದಕ್ಕೆ ಗಟ್ಟಿಯಾಗಿ ಮುದ್ರೆ ಒತ್ತಿದ್ದು 1546ರಲ್ಲಿ, ಬಿಷಪ್‌ಗಳ ಮಹಾಸಭೆ ನಡೆದ ಟ್ರೆಂಟ್‌ನಲ್ಲಿ. ಯೂಟ್ಯೂಬಿನಲ್ಲಿ ಇದನ್ನು ಒಂದೇ ಏಟಿಗೆ ಗೆದ್ದುಬಿಡುವವರ ಮಾತು ಜಾಸ್ತಿ ನಂಬಬೇಡಿ, ಎರಡೂ ಕಡೆಯವರನ್ನೂ.

ಮರಿಯಮ್ಮನ ವಿಷಯ ನನಗೆ ಎಲ್ಲಕ್ಕಿಂತ ಕಷ್ಟ ಆಯಿತು. ಜಪಮಾಲೆಯ ಪ್ರಾರ್ಥನೆಯ ಮೊದಲ ಅರ್ಧ ಲೂಕ 1ರಲ್ಲೇ ಇದೆ, ದೇವದೂತನ ಮಾತು, ಎಲಿಸಬೇತಳ ಮಾತು. ಅದು ಸರಿ. ಆದರೆ ಆಕೆ ದೇಹಸಹಿತ ಸ್ವರ್ಗಕ್ಕೆ ಹೋದಳು ಅನ್ನುವುದನ್ನು ನಂಬಲೇಬೇಕಾದ ವಿಷಯ ಅಂತ ಪೋಪ್ ಘೋಷಿಸಿದ್ದು 1950ರಲ್ಲಿ. ಅದನ್ನು ನಾನು ವಾದದಿಂದ ಒಪ್ಪಲಿಲ್ಲ. ಸಭೆಗೆ ಕೊನೆಯ ಮಾತು ಹೇಳುವ ಅಧಿಕಾರ ಇದೆ ಅಂತ ಒಪ್ಪಿದ ಮೇಲೆ ಇದೂ ಅದರ ಹಿಂದೆಯೇ ಬಂತು. ಕೆಲವರಿಗೆ ಇದು ತಲೆ ಒತ್ತೆ ಇಟ್ಟ ಹಾಗೆ ಕಾಣಬಹುದು, ನಮ್ಮೆಜಮಾನರಿಗೆ ಹಾಗೇ ಕಾಣುತ್ತದೆ. ರಕ್ಷಣೆ ನಂಬಿಕೆಯಿಂದಲೋ ಕ್ರಿಯೆಯಿಂದಲೋ ಅನ್ನುವ ಹಳೇ ಜಗಳ ಮಾತ್ರ ನನಗೆ ತೊಡಕಾಗಲಿಲ್ಲ, 1999ರಲ್ಲಿ ಲೂಥರನ್ ಒಕ್ಕೂಟದವರೂ ವ್ಯಾಟಿಕನ್‌ನವರೂ ಆಗ್ಸ್‌ಬರ್ಗ್‌ನಲ್ಲಿ ಕೂತು ಅದರ ಬಗ್ಗೆ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದ್ದಾರೆ.

ಕಳೆದುಕೊಂಡದ್ದೂ ಇದೆ. ನಾಲ್ಕು ಸ್ವರದಲ್ಲಿ ಇಡೀ ಸಭೆ ಎದ್ದು ನಿಂತು ಹಾಡುವುದು, ಮುಕ್ಕಾಲು ಗಂಟೆ ಒಂದೇ ವಚನದ ಮೇಲೆ ನಿಲ್ಲುವ ಪ್ರಸಂಗ, ಅದು ಇಲ್ಲಿ ಸಿಗುವುದಿಲ್ಲ. ಹತ್ತು ನಿಮಿಷಕ್ಕೆ ಫಾದರ್ ಪ್ರಬೋಧನೆ ಮುಗಿಸಿಬಿಡುತ್ತಾರೆ, ಅದರಲ್ಲಿ ಕಟ್ಟಡ ನಿಧಿಯ ಪ್ರಕಟಣೆಯೂ ಸೇರಿರುತ್ತದೆ. ಇಲ್ಲೂ ಭಾಷೆಯ ಜಗಳ ಇದೆ, ಜಾತಿಯ ಪಿಸುಮಾತು ಇದೆ. ಕ್ಯಾಥೊಲಿಕ್ ಆಗಿ ಹುಟ್ಟಿ ಬೇಸತ್ತು ಪೆಂಟೆಕೋಸ್ಟ್ ಸಭೆಗೆ ಹೋಗುವವರೂ ನಮ್ಮ ಸುತ್ತ ಬೇಕಾದಷ್ಟು ಜನ.

ಇನ್ನು ಮನೆಯವರ ಭಯದ ಬಗ್ಗೆ. ನಿಮ್ಮ ಅಣ್ಣನಿಗೆ ಮತ್ತೆ ದೀಕ್ಷಾಸ್ನಾನ ಕೊಡುವುದಿಲ್ಲ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಆಗಿದ್ದರೆ ಅದನ್ನು ಕ್ಯಾಥೊಲಿಕ್ ಸಭೆ ಒಪ್ಪುತ್ತದೆ. ಅವರು ಇಷ್ಟು ದಿನ ಕ್ರೈಸ್ತರೇ ಆಗಿರಲಿಲ್ಲ ಅಂತ ಯಾರೂ ಹೇಳುವುದಿಲ್ಲ. ಕೆಲವು ತಿಂಗಳು ಪಾಠ, ಪಾಪನಿವೇದನೆ, ದೃಢೀಕರಣ, ಆಮೇಲೆ ಪರಮಪ್ರಸಾದ. ನೋವಾಗುವ ಜಾಗ ಇನ್ನೊಂದಿದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕ್ರಿಸ್‌ಮಸ್‌ಗೆ ಅವರು ನಿಮ್ಮ ಜೊತೆ ಸಭೆಗೆ ಬಂದರೂ ಕರ್ತನ ಭೋಜನಕ್ಕೆ ಎದ್ದು ಬರುವುದಿಲ್ಲ, ಬೆಂಚಿನಲ್ಲೇ ಕೂತಿರುತ್ತಾರೆ. ನೀವು ಅವರ ಚರ್ಚಿಗೆ ಹೋದರೆ ನೀವೂ ಕೂತಿರಬೇಕು. ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ. ಆ ದಿನ ದಿಢೀರಂತ ಗೊತ್ತಾದರೆ ಜಾಸ್ತಿ ಬೇಜಾರಾಗುತ್ತದೆ.

ತಲೆ ಕೆಡಿಸಿದ್ದಾರಾ ಅಂತ ತಿಳಿಯಬೇಕಾದರೆ ಅಣ್ಣನನ್ನೇ ಕೂರಿಸಿಕೊಂಡು ಕೇಳಿ: ಪಾಸ್ಟರ್ ಮೇಲೆ ಸಿಟ್ಟಾ, ಸಭೆಯ ಎಲೆಕ್ಷನ್ ಗಲಾಟೆಗೆ ಬೇಸರವಾ, ಇಲ್ಲ ಪರಮಪ್ರಸಾದದ ಬಗ್ಗೆ ಕ್ಯಾಥೊಲಿಕರು ಹೇಳುವುದನ್ನು ನೀನೂ ನಂಬುತ್ತೀಯಾ ಅಂತ. ಮೂರನೆಯದಾದರೆ ನೀವು ತಡೆದು ಪ್ರಯೋಜನ ಇಲ್ಲ. ಮೊದಲೆರಡಾದರೆ ಒಂದು ವರ್ಷ ಕಾಯಲು ಹೇಳಿ, ಯಾಕೆಂದರೆ ಆ ಸಿಟ್ಟು ಬರಿಸುವ ಫಾದರ್‌ಗಳೂ ಇಲ್ಲಿದ್ದಾರೆ.