ಪ್ರತಿಕ್ರಿಯೆ: ಪಬ್‌ಮೆಡ್‌ನಲ್ಲಿ ಮಂಗನ ಕಾಯಿಲೆ ಹುಡುಕುವುದು

ಚಿಕ್ಕಮಗಳೂರು ಜಿಲ್ಲೆಯ ಮಂಗನ ಕಾಯಿಲೆ ಕುರಿತ ನಿಮ್ಮ ಪ್ರಬಂಧದ ಶೀರ್ಷಿಕೆಯನ್ನೇ ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ಟೈಪ್ ಮಾಡಿದರೆ ಒಂದು ಲೇಖನವೂ ಸಿಗಲಿಲ್ಲ ಎಂದಿದ್ದೀರಿ. ಸಿಗುವುದಿಲ್ಲ. ನೀವು ಕೊಟ್ಟ ಪದಗಳೆಲ್ಲ ಒಂದೇ ಲೇಖನದ ದಾಖಲೆಯಲ್ಲಿ ಇರಬೇಕೆಂದು ಅದು ಹಟ ಹಿಡಿಯುತ್ತದೆ.

ಶೀರ್ಷಿಕೆಯನ್ನು ಎರಡು ಮೂರು ವಿಚಾರಗಳಾಗಿ ಒಡೆಯಿರಿ. ಸಮಾನಾರ್ಥಕ ಪದಗಳ ನಡುವೆ ‘ಆರ್’ (OR), ಬೇರೆ ಬೇರೆ ವಿಚಾರಗಳ ನಡುವೆ ‘ಆಂಡ್’ (AND) ಹಾಕಿ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ. ರೋಗಕ್ಕೆ ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ ಎಂಬ ಮೆಶ್ ಪದ, ಅಂದರೆ ಲೇಖನಗಳಿಗೆ ವಿಷಯವಾರು ಅಂಟಿಸುವ ನಿಗದಿತ ಪದ, ಇದೆ. ಆದರೆ ಅದೊಂದನ್ನೇ ನಂಬಬೇಡಿ, ಎಲ್ಲ ಲೇಖನಗಳಿಗೂ ಮೆಶ್ ಪದ ಅಂಟಿರುವುದಿಲ್ಲ. ಅದರ ಹ್ರಸ್ವರೂಪ ‘ಕೆಎಫ್‌ಡಿ’, ‘ಮಂಕಿ ಫೀವರ್’ ಎಂದೂ ಸೇರಿಸಿ.

ನಮ್ಮೂರಿನವರೇ ಮರೆಯುವ ಸಂಗತಿ ಊರಿನ ಹೆಸರು. 1957ರಲ್ಲಿ ರೋಗ ಪತ್ತೆಯಾದ ಕಾಲದಿಂದ ಬಹುಕಾಲ ಇಂಗ್ಲಿಷಿನಲ್ಲಿ ‘ಶಿಮೊಗಾ’, ‘ಚಿಕ್‌ಮಗಳೂರ್’ ಎಂದೇ ಬರೆಯುತ್ತಿದ್ದರು. 1973ಕ್ಕೆ ಮೊದಲು ರಾಜ್ಯದ ಹೆಸರೂ ಮೈಸೂರು. ಹಳೆಯ ಹೆಸರುಗಳನ್ನು ಬಿಟ್ಟರೆ ಹಳೆಯ ಲೇಖನಗಳೂ ಕೈತಪ್ಪುತ್ತವೆ. ಹುಡುಕಿದ ಸಾಲನ್ನು ದಿನಾಂಕದೊಂದಿಗೆ ಬರೆದಿಡಿ, ಗೈಡ್ ಕೇಳಿಯೇ ಕೇಳುತ್ತಾರೆ.

ಉಲ್ಲೇಖಗಳಿಗೆ ಅವನ್ನು ಜೋಡಿಸಿಡುವ ತಂತ್ರಾಂಶ ಜೊಟೆರೊ ಸಾಕು, ಉಚಿತ. ನಾನು ಕೈಯಲ್ಲೇ ಸಂಖ್ಯೆ ಹಾಕಿ, ನಡುವೆ ಒಂದು ಉಲ್ಲೇಖ ತೆಗೆಯಬೇಕಾಗಿ ಬಂದು, ಇಡೀ ರಾತ್ರಿ ಸಂಖ್ಯೆ ತಿದ್ದಿದವನು. ಉಲ್ಲೇಖಗಳಿಗೆ ಸಂಖ್ಯೆ ಕೊಡುವ ವ್ಯಾಂಕೂವರ್ ಶೈಲಿ ಆರಿಸಿದರೆ ಜೊಟೆರೊ ತಾನೇ ಸಂಖ್ಯೆಗಳನ್ನು ಬದಲಿಸುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ನೆಟ್‌ವರ್ಕ್ ಕೈಕೊಟ್ಟರೂ ಲ್ಯಾಪ್‌ಟಾಪ್‌ನಲ್ಲಿ ಕೆಲಸ ನಡೆಯುತ್ತದೆ. ಲೇಖಕರ ಹೆಸರು, ಪುಟಸಂಖ್ಯೆಗಳನ್ನು ಮಾತ್ರ ಮೂಲದೊಂದಿಗೆ ಒಮ್ಮೆ ತಾಳೆ ನೋಡಿ.