ನಿಜಾಮರ ಒಡವೆಗಳು ರಾಯಚೂರಿನವರಿಗೆ ನೋಡಲು ಸಿಗುತ್ತವೆಯೇ?

ರಾಯಚೂರು, ಕೊಪ್ಪಳ ಪ್ರದೇಶಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಈ ಪ್ರಶ್ನೆ ಸಹಜವೇ. ಆದರೆ ಆ ಒಡವೆಗಳು ತಾತ್ಕಾಲಿಕ ಪ್ರದರ್ಶನಗಳಲ್ಲಿ ಮಾತ್ರ ಕಾಣಸಿಕ್ಕಿವೆ.

ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಟ್ರಸ್ಟ್‌ಗಳಿಗೆ ಒಪ್ಪಿಸಿದ್ದ ಒಡವೆಗಳಲ್ಲಿ 173 ವಸ್ತುಗಳನ್ನು, ದೀರ್ಘ ವ್ಯಾಜ್ಯದ ಬಳಿಕ, ಭಾರತ ಸರ್ಕಾರವು 1995ರಲ್ಲಿ ಸುಮಾರು 218 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಅವು ರಿಸರ್ವ್ ಬ್ಯಾಂಕಿನ ಭದ್ರಕೋಣೆ ಸೇರಿದವು. ಅಲ್ಲಿಂದ ಹೊರಬಂದು 2001 ಮತ್ತು 2006ರಲ್ಲಿ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ, 2019ರಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾದವು. ಸುಮಾರು 184 ಕ್ಯಾರೆಟ್ ತೂಕದ ಜೇಕಬ್ ವಜ್ರವೇ ಅವುಗಳಲ್ಲಿ ಹೆಸರುವಾಸಿ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಕೊಂಡಿದ್ದ ಈ ವಜ್ರವು ಆತನ ಪಾದರಕ್ಷೆಯ ತುದಿಯಲ್ಲಿ ಮಗ ಉಸ್ಮಾನ್ ಅಲಿ ಖಾನನಿಗೆ ಸಿಕ್ಕಿತೆಂದೂ, ಮಗ ಅದನ್ನು ಕಾಗದ ಹಾರದಂತೆ ಇಡುವ ಭಾರವಾಗಿ ಬಳಸಿದನೆಂದೂ ಹೇಳುತ್ತಾರೆ. ನನ್ನ ಮಟ್ಟಿಗಂತೂ ಬಸರಾ ಮುತ್ತಿನ ಏಳೆಳೆಯ ಹಾರವೇ ಹೆಚ್ಚು ಸೊಗಸು.

ಪ್ರದರ್ಶನವಿಲ್ಲದ ದಿನಗಳಲ್ಲಿ, ರಾಯಚೂರಿನಿಂದ ರೈಲಿನಲ್ಲಿ ಹೈದರಾಬಾದಿಗೆ ಹೋಗುವವರು ಪುರಾನಿ ಹವೇಲಿಯ ನಿಜಾಮ್ ವಸ್ತುಸಂಗ್ರಹಾಲಯವನ್ನು ನೋಡಬಹುದು. ಉಸ್ಮಾನ್ ಅಲಿ ಖಾನರ ಆಳ್ವಿಕೆಯ ರಜತೋತ್ಸವಕ್ಕೆ ಬಂದ ಉಡುಗೊರೆಗಳು ಅಲ್ಲಿವೆ.