ಉ: ಪುಣೆಯ ಹೌಸಿಂಗ್ ಸೊಸೈಟಿ – ಹೂತ ಪೈಪಿನಿಂದ ಎಷ್ಟು ನೀರು ನೆಲಕ್ಕಿಳಿಯುತ್ತಿದೆ?

ಮೀಟರ್‌ನಿಂದ ಸಂಪಿನವರೆಗಿನ ಪೈಪ್ ಸೋರುತ್ತಿದೆಯಾ, ಬೇಸ್‌ಮೆಂಟಿನಲ್ಲಿ ಜಿನುಗುವುದು ಅದೇ ನೀರಾ ಅಂತ ಕೇಳಿದ್ದೀರಿ. ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ.

ನೀರು ಬಿಟ್ಟು ಅರ್ಧ ಗಂಟೆ ಕಾಯಿರಿ; ಪೈಪಿನಲ್ಲಿದ್ದ ಗಾಳಿಯೂ ಮೀಟರ್ ತಿರುಗಿಸುತ್ತದೆ. ಆಮೇಲೆ ಸಂಪಿನ ಬಾಯಿಯ ವಾಲ್ವ್ ಬಿಗಿಯಾಗಿ ಮುಚ್ಚಿ (ಸಂಪು ತುಂಬಿದಾಗ ತಾನೇ ಮುಚ್ಚುವ ತೇಲುಗುಂಡಿನ ಬಾಲ್‌ಕಾಕ್ ನಂಬಬೇಡಿ), 2 ಗಂಟೆ ಬಿಟ್ಟು ರೀಡಿಂಗ್ ನೋಡಿ. 240 ಲೀಟರ್ ಏರಿದ್ದರೆ ಸೋರಿಕೆ ಗಂಟೆಗೆ 120. ಇದನ್ನು 24ರಿಂದ ಗುಣಿಸುವುದೇ ಎಲ್ಲರೂ ಮಾಡುವ ತಪ್ಪು. ನೀರು ಬರುವಷ್ಟು ಗಂಟೆಯಿಂದ ಮಾತ್ರ ಗುಣಿಸಿ. ಅದೂ ಗರಿಷ್ಠ ಅಂದಾಜೇ, ಏಕೆಂದರೆ ವಾಲ್ವ್ ಮುಚ್ಚಿದಾಗ ಒತ್ತಡ ಹೆಚ್ಚಿರುತ್ತದೆ. ಮುಳ್ಳು ಅಲುಗದಿದ್ದರೂ ನಿರಾಳವಾಗಬೇಡಿ: ತೀರಾ ಸಣ್ಣ ಸೋರಿಕೆ ಮೀಟರ್‌ಗೆ ತಿಳಿಯದು, ಮೀಟರ್‌ಗಿಂತ ಹಿಂದಿನದು ಕಾಣುವುದೇ ಇಲ್ಲ.

ಜಿನುಗು ನೀರಿಗೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಮೀಟರ್ ಸಾಕು. ನಲ್ಲಿ 100, ಬೋರ್ (ಅಂದರೆ ಅಂತರ್ಜಲ) 600, ಜಿನುಗು 200 ಬಂತೆನ್ನಿ: (600–200)/(600–100), ಅಂದರೆ ಸುಮಾರು 80% ನಲ್ಲಿ ನೀರು. ಮಳೆಗಾಲದಲ್ಲಿ ಈ ಲೆಕ್ಕ ಕೆಡುತ್ತದೆ; ಏಪ್ರಿಲ್‌ನಲ್ಲಿ ಮಾಡಿ. ಕ್ಲೋರಿನ್ ಸಿಕ್ಕರೆ ಪುರಾವೆ, ಸಿಗದಿದ್ದರೆ ಏನೂ ಸಾಬೀತಾಗದು, ಮಣ್ಣು ಅದನ್ನು ತಿಂದುಬಿಡುತ್ತದೆ.

ಸೋರಿದ್ದೆಲ್ಲ ಅಂತರ್ಜಲ ಸೇರುವುದಿಲ್ಲ. ಪೈಪ್ ಹೂತ ಕಾಲುವೆಯ ಸಡಿಲ ಮುರುಮಿನಲ್ಲೇ (ಗರಸು ಮಣ್ಣು) ಹರಿದು ಡ್ರೈನೇಜ್ ಚೇಂಬರ್ ಸೇರಬಹುದು. ನೀರು ಬಿಡುವ ಹೊತ್ತಿಗೆ ಮುಚ್ಚಳ ಎತ್ತಿ ನೋಡಿ.